ಮುಳುಗಿದ ಕಾಫಿಪುಡಿ

ಮೂವತ್ತೆರಡು ವರ್ಷ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು ನಾನು. ಒಳಹೊಟ್ಟು ಇನ್ನೂ ಬಿಡದ ಪಾರ್ಚ್‌ಮೆಂಟ್ ಕಾಫಿಬೀಜ ಕಚ್ಚಿ ನೋಡಿ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದೆ. ಅಂಥ ನನಗೆ ಕಾಫಿಯಲ್ಲಿ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ ಎಂದು ನಂಬಿದ್ದೆ. ಚಿಕೋರಿಗೆ ನಮ್ಮ ಹೊಸ್ತಿಲು ದಾಟಲು ಅಪ್ಪಣೆಯೇ ಇರಲಿಲ್ಲ!

ಕಳೆದ ತಿಂಗಳು ಮೂಡಿಗೆರೆಯಲ್ಲಿ ಹಿರಿಯರಿಗಾಗಿ ಒಂದು ಸಭೆ ನಡೆಯಿತು. ಕಲಬೆರಕೆ ಮಾರಿದವರ ಮೇಲೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬಹುದು, ವಯಸ್ಸಾಯಿತೆಂದು ಸುಮ್ಮನಿರಬೇಡಿ ಎಂದು ವಕೀಲರೊಬ್ಬರು ಹೇಳಿದರು. ತಣ್ಣೀರಿಗೆ ಹಾಕಿದರೆ ಕಾಫಿಪುಡಿ ತೇಲುತ್ತದೆ, ಚಿಕೋರಿ ಮುಳುಗುತ್ತದೆ ಎಂದೂ ತೋರಿಸಿದರು. ಮನೆಗೆ ಬಂದವನೇ ಡಬ್ಬಿಯಿಂದ ಒಂದು ಚಮಚ ಪುಡಿ ತೆಗೆದು ಲೋಟದ ನೀರಿಗೆ ಹಾಕಿದೆ. ಅರ್ಧಕ್ಕರ್ಧ ಮುಳುಗಿತು. ಜೊತೆಗೆ ನನ್ನ ಮೂವತ್ತೆರಡು ವರ್ಷದ ಸರ್ವೀಸೂ ಮುಳುಗಿತು!

ಹೆಂಡತಿ ಸರೋಜ ಕಳಸಕ್ಕೆ, ತಂಗಿಯ ಮನೆಗೆ ಹೋಗಿದ್ದಳು. ತಡೆಯುವವರಿರಲಿಲ್ಲ. ಅಂಗಡಿಗೆ ಹೋಗಿ, ಗಿರಾಕಿಗಳೆದುರೇ, ಎಷ್ಟೋ ವರ್ಷದಿಂದ ಪುಡಿ ಕೊಡುತ್ತಿದ್ದ ರಾಜಣ್ಣನನ್ನು ಕಳ್ಳ ಎಂದೆ. ಅವನು ತಿರುಗಿ ಬೈಯಲಿಲ್ಲ.

"ದೂರು ಕೊಡೋ ಮೊದ್ಲು ಒಂದ್ಸಲ ಅಮ್ಮಾವ್ರನ್ನ ಕೇಳಿ, ರೈಟ್ರೇ," ಎಂದ ಅಷ್ಟೇ.

ಕಾನೂನಿನ ವಿಷಯದಲ್ಲಿ ಹೆಂಡತಿಯನ್ನು ಕೇಳುವುದೇ? ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಚಿಕ್ಕಮಗಳೂರಿನ ಬಸ್ಸು ಹತ್ತಿದೆ.

ಅಧಿಕಾರಿ ತಾಳ್ಮೆಯ ಹೆಣ್ಣುಮಗಳು. 'ಸದರಿ ವರ್ತಕನು ಹಿರಿಯ ನಾಗರಿಕನಾದ ನನ್ನ ನಾಲಿಗೆಗೆ ದ್ರೋಹ ಬಗೆದಿರುತ್ತಾನೆ' ಎಂಬ ನನ್ನ ಅರ್ಜಿಯನ್ನು ನಗದೆ ಓದಿದರು. ಮನೆಯ ಡಬ್ಬಿ ನಡೆಯುವುದಿಲ್ಲ, ಒಡೆಯದ ಪೊಟ್ಟಣ ಬೇಕು ಎಂದರು. ಅದೆಲ್ಲಿದೆ ಎಂದು ಕೇಳಲು ಸರೋಜಳಿಗೆ ಫೋನು ಮಾಡಿದೆ. ನನಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿದ್ದೆ.

"ಪೊಟ್ಟಣದಲ್ಲಿ ಏನೂ ಸಿಗಲ್ಲ ರೀ. ಚಿಕೋರಿ ಬೆರೆಸ್ತಿರೋದು ನಾನು. ಎದೆಯುರಿ ಅಂತ ಒದ್ದಾಡ್ತಿದ್ರಲ್ಲ? ಕಾಫಿ ಕಮ್ಮಿ ಮಾಡಿ ಅಂದ್ರೆ ಡಾಕ್ಟ್ರ ಮಾತೂ ಕೇಳ್ಲಿಲ್ಲ. ಹನ್ನೆರಡು ವರ್ಷ ಆಯ್ತು. ಚಿಕೋರೀನೂ ರಾಜಣ್ಣನ ಹತ್ರಾನೇ ತಗೊಳ್ಳೋದು, ನಿಮಗೆ ಹೇಳ್ಬೇಡಿ ಅಂದಿದ್ದೆ."

ಅಧಿಕಾರಿ ಪೆನ್ನು ಎತ್ತಿಕೊಂಡರು. "ದೂರು ಯಾರ ಮೇಲೆ ಬರ್ಕೊಳ್ಲಿ ಸಾರ್?"

ಬಸ್ಸಿಳಿದವನು ನೇರ ಅಂಗಡಿಗೇ ಹೋದೆ. ಗಿರಾಕಿಗಳು ಸೇರುವವರೆಗೆ ಕಾದು, ಎಲ್ಲರೆದುರು ರಾಜಣ್ಣನ ಕೈ ಹಿಡಿದು ತಪ್ಪಾಯಿತು ಎಂದೆ. ಕಳ್ಳ ಎನ್ನಿಸಿಕೊಂಡೂ ಕೊಟ್ಟ ಮಾತು ಉಳಿಸಿಕೊಂಡವನು ಅವನು. ಹನ್ನೆರಡು ವರ್ಷ ನನ್ನ ಎದೆಯನ್ನು ತಣ್ಣಗಿಟ್ಟವಳು ಅವಳು. ಇಬ್ಬರ ಋಣವೂ ನನ್ನ ಮೇಲಿದೆ.

ಮರುದಿನ ಊರಿಂದ ಬಂದ ಸರೋಜ, ಇನ್ನು ಮುಚ್ಚುಮರೆ ಯಾಕೆಂದು ಹೊಸ ಪೊಟ್ಟಣ ಒಡೆದು ಅಪ್ಪಟ ಕಾಫಿಯನ್ನೇ ಮಾಡಿಕೊಟ್ಟಳು. ಒಂದು ಗುಟುಕು ಕುಡಿದು ಮುಖ ಕಿವುಚಿದೆ.

"ಇದಕ್ಕೇನು ಬೆರೆಸಿದೀಯೆ?" ಎಂದೆ.