ಸಂಖ್ಯೆ ಒಡೆಯುವ ಮಾವ

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದು ತೆಂಗಿನಕಾಯಿಯನ್ನೂ ನೆಟ್ಟಗೆ ಒಡೆದವರಲ್ಲ. ಆದರೆ ಕಣ್ಣಿಗೆ ಬಿದ್ದ ಸಂಖ್ಯೆಯನ್ನು ಒಡೆಯದೆ ಬಿಟ್ಟವರೂ ಅಲ್ಲ!

ಚಿಕ್ಕಬಳ್ಳಾಪುರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿ ನಿವೃತ್ತರಾದವರು. ಈ ವಯಸ್ಸಿನಲ್ಲಿ ಬೇರೆಯವರು ಮೊಮ್ಮಕ್ಕಳನ್ನು ಆಡಿಸುತ್ತಾರೆ, ಇವರು ಅಪವರ್ತನಗಳನ್ನು ಆಡಿಸುತ್ತಾರೆ. ಗ್ಯಾಸ್ ಪುಸ್ತಕ, ಕರೆಂಟ್ ಬಿಲ್ಲು, ಮಾತ್ರೆ ಡಬ್ಬಿ, ಎಲ್ಲಿ ಉದ್ದನೆಯ ಸಂಖ್ಯೆ ಕಂಡರೂ ಪೆನ್ಸಿಲ್ ಹೊರಬರುತ್ತದೆ. ಅವಿಭಾಜ್ಯ ಸಂಖ್ಯೆ ಸಿಕ್ಕಿತೋ, ಅಂದರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದಕ್ಕೂ ಜಗ್ಗದಂಥದ್ದು, ಮಾವ ಎದ್ದು ನಿಂತು ಶಾಲು ಸರಿಮಾಡಿಕೊಳ್ಳುತ್ತಾರೆ.

"ಮದುವೆ ದಿನ ನನ್ನ ಮುಖ ನೋಡೋಕೆ ಮುಂಚೆ ಛತ್ರದ ರೂಮ್ ನಂಬರ್ ನೋಡಿದ್ರು ಕಣಪ್ಪ," ಎಂದು ಅತ್ತೆ ಇವತ್ತಿಗೂ ದೂರುತ್ತಾರೆ.

ಮಾವ ತಲೆ ಎತ್ತದೆ, "ಹದಿನೇಳು. ಚೆನ್ನಾಗಿತ್ತು," ಎನ್ನುತ್ತಾರೆ.

ಒಮ್ಮೆ ನನ್ನನ್ನೂ ಕರೆದುಕೊಂಡು ಗೌರಿಬಿದನೂರಿಗೆ ಹೊರಟವರು ಬಸ್ಸಿನ ನಂಬರನ್ನು ಏಳರಿಂದ ಭಾಗಿಸುತ್ತಾ ನಿಂತರು. ಲೆಕ್ಕ ಮುಗಿದು ತಲೆ ಎತ್ತಿದಾಗ ಬಸ್ಸು ಹೋಗಿತ್ತು. ಶೇಷ, ನಾವಿಬ್ಬರು.

ಸಂಖ್ಯೆಯ ವಿಷಯದಲ್ಲಿ ಸುಳ್ಳು ಮಾತ್ರ ಸಹಿಸರು. ತೊಂಬತ್ತೊಂದನ್ನು ಅವಿಭಾಜ್ಯ ಎಂದ ಹೆಡ್ಮಾಸ್ಟರ ಜೊತೆ ಆರು ತಿಂಗಳು ಮಾತು ಬಿಟ್ಟಿದ್ದರು. ಏಳು ಹದಿಮೂರಲೆ ತೊಂಬತ್ತೊಂದು ಎಂದು ಅವರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಒಪ್ಪಿಕೊಂಡ ಮೇಲೆಯೇ ರಾಜಿ!

ಇಂಥವರನ್ನು ಊರು ಏನೆಂದು ತಿಳಿದಿದೆ ಗೊತ್ತೆ? ನಂಬರು ನೋಡಿ ಭವಿಷ್ಯ ಹೇಳುವ ಜ್ಯೋತಿಷಿ! ಮಂಚೇನಹಳ್ಳಿಯವರೊಬ್ಬರು ಹೊಸ ಟ್ರ್ಯಾಕ್ಟರಿನ ಇಂಜಿನ್ ನಂಬರ್ ಬರೆದುಕೊಂಡು ಬಂದರು: 528528. ಮಾವ ಕುಣಿದಾಡಿದರು.

"ಅದೇ ಮೂರಂಕಿ ಎರಡು ಸಲ ಬಂದ್ರೆ ಏಳು, ಹನ್ನೊಂದು, ಹದಿಮೂರು, ಈ ಮೂರರಿಂದಲೂ ಭಾಗ ಆಗ್ಲೇಬೇಕು! ಇದು ಎಂಟರಿಂದಲೂ ಆಗುತ್ತೆ ನೋಡಿ!"

"ಎಂಟು ಶನೀದು ಸಾರ್. ಅದೊಂದನ್ನ ತೆಗೆದುಬಿಡಿ, ಮಿಕ್ಕಿದ್ದು ಇರ್ಲಿ."

"ಸಂಖ್ಯೆಗೆ ಒಳ್ಳೇದು ಕೆಟ್ಟದ್ದು ಇಲ್ರೀ!" ಮಾವನ ಗರ್ಜನೆಗೆ ಎದುರು ಮನೆಯ ನಾಯಿ ಎದ್ದು ಹೋಯಿತು.

ಹೋದ ತಿಂಗಳು ಅತ್ತೆಗೆ ದಿನಾ ಹೂ ಕೊಡುವಾಕೆ ಬಂದು ಬಾಗಿಲಲ್ಲೇ ನಿಂತಳು. ಸೋಮವಾರ ಬೆಂಗಳೂರಿನಲ್ಲಿ ಅವಳ ಮಗಳಿಗೆ ಹಾರ್ಟ್ ಆಪರೇಷನ್. ಆಸ್ಪತ್ರೆ ಚೀಟಿ ಮುಂದೆ ಹಿಡಿದಳು. ಅದರಲ್ಲೊಂದು ಹತ್ತಂಕಿಯ ನಂಬರು.

"ಸಾಮಿ, ಇದು ಮಗೀಗೆ ಆಗಿಬರುತ್ತಾ? ಒಸಿ ನೋಡಿ ಹೇಳಿ."

ನಾನು ಇಣುಕಿದೆ. ಕೊನೆಯ ಅಂಕಿ ಐದು! ಐದರಿಂದ ಭಾಗವಾಗುತ್ತದೆಂದು ಮೂರನೇ ಕ್ಲಾಸಿನ ಮಗುವೂ ಹೇಳೀತು. ಇನ್ನೇನು ಗರ್ಜನೆ ಎಂದು ಕಿವಿ ಗಟ್ಟಿಮಾಡಿಕೊಂಡೆ. ಮಾವ ಚೀಟಿ ನೋಡಿದರು. ಆಕೆಯ ಮುಖವನ್ನೂ ನೋಡಿದರು. ಪೆನ್ಸಿಲ್ ತೆಗೆಯಲಿಲ್ಲ.

"ಇದು ಅವಿಭಾಜ್ಯ ಕಣಮ್ಮ. ಯಾರ ಕೈಲೂ ಒಡೆಯೋಕಾಗಲ್ಲ. ಧೈರ್ಯವಾಗಿ ಹೋಗು."

ಆಕೆ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಹೋದಳು.

"ಮಾವ, ಕೊನೇಲಿ ಐದು..." ಎಂದೆ ಮೆಲ್ಲಗೆ.

"ಗೊತ್ತು ಕಣೋ," ಎಂದರು ಮಾವ, ನನ್ನ ಕಡೆ ತಿರುಗದೆ. "ಆ ಮಗು ಎದ್ದು ಕೂರೋವರೆಗೂ ಅದನ್ನ ಯಾರೂ ಭಾಗಿಸಕೂಡದು."