ಹನಿಯೂ ಸೋರದ ನೆಲ

ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಬೀದಿಯ ಕೊನೆಯಲ್ಲಿರುವ ಅಗ್ನಿಶಾಮಕ ಠಾಣೆಯ ಸೈರನ್ ಊಳಿಡುತ್ತದೆ. ಬೆಂಕಿ ಬಿದ್ದಿದೆ ಎಂದಲ್ಲ, ಊಟದ ಹೊತ್ತಾಯಿತು ಎಂದು. ಆ ದಿನ ಅದು ಕೂಗಿ ನಿಂತ ಮೇಲೂ ಒಂದು ಕೂಗು ಉಳಿದುಕೊಂಡಿತ್ತು. ಅದು ನನ್ನದು. ನನ್ನ ಬಲಗಾಲು ಕ್ಯಾಂಪರಿನ ನೆಲವನ್ನು ತೂರಿಕೊಂಡು ಹೋಗಿ ಕೆಳಗಿನ ಹುಲ್ಲಿನ ಮೇಲೆ ನಿಂತಿತ್ತು.

"ಬ್ರಿಟ್ಟಾ, ಏನಾಯ್ತೇ?" ಹೊರಗಿನಿಂದ ನನ್ನ ಗಂಡ ವೆಸ್ ಕೇಳಿದ.

"ಏನಿಲ್ಲ, ಹೊರಗೆ ಬರ್ತಾ ಇದ್ದೀನಿ. ಒಂದು ಕಾಲು ಆಗಲೇ ಬಂದಿದೆ, ನೋಡು."

ಈ ಕ್ಯಾಂಪರು ನಮ್ಮತ್ತೆ ಆರ್ಡಿಸ್ ಅವರದು. ಕಾರಿನ ಹಿಂದೆ ಕಟ್ಟಿ ಎಳೆಯುವ, ಎರಡು ಚಕ್ರಗಳ ಮೇಲಿನ ಸೊಂಟದೆತ್ತರದ ಒಂದು ಪೆಟ್ಟಿಗೆ. ಹಿಡಿಕೆ ತಿರುಗಿಸಿದರೆ ಚಾವಣಿ ನಾಲ್ಕು ಕಂಬಗಳ ಮೇಲೆ ಮೆಲ್ಲಗೆ ಏಳುತ್ತದೆ, ಕ್ಯಾನ್ವಾಸಿನ ಗೋಡೆಗಳು ಬಿಚ್ಚಿಕೊಳ್ಳುತ್ತವೆ, ಎರಡು ಬದಿಗೂ ಹಾಸಿಗೆಗಳು ರೆಕ್ಕೆಯಂತೆ ಹೊರಚಾಚುತ್ತವೆ. ಮದುವೆಯಾದ ಮೊದಲ ಬೇಸಿಗೆಯಲ್ಲಿ ಕೆರೆಯ ದಂಡೆಯ ಮೇಲೆ ವೆಸ್ ಇದನ್ನು ಎಬ್ಬಿಸಿ ನಿಲ್ಲಿಸಿದಾಗ ನಾನು ತೆರೆದ ಬಾಯಿ ಮುಚ್ಚುವುದನ್ನೇ ಮರೆತಿದ್ದೆ. (ಸೊಳ್ಳೆಗಳು ನೆನಪಿಸಿದವು.) ನಾವು ಬಾಡಿಗೆ ಮನೆಯವರು. ನಮ್ಮ ಕೈಯಾರೆ ಎಬ್ಬಿಸಬಹುದಾದ ಮನೆ ನಮಗೆ ಇದೊಂದೇ.

ನನ್ನ ಕಾಲು ಇನ್ನೂ ಹುಲ್ಲಿನ ಮೇಲಿರುವಾಗಲೇ ಅತ್ತೆ ಮಾಂಸ, ಆಲೂಗಡ್ಡೆ ಬೆರೆಸಿ ಬೇಯಿಸಿದ ಬಿಸಿ ಹಾಟ್‌ಡಿಶ್ ತಟ್ಟೆ ಹಿಡಿದು ಬಂದರು. ಹಿಂದೆಯೇ ಮೈದುನ ಕರ್ಟ್. ಅವನು ಬಂದದ್ದು ಊಟಕ್ಕಲ್ಲ, ಚಕ್ರಗಳಿಗೆ. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆ ಎಳೆದೊಯ್ದು ಕುಳಿತು ಮೀನು ಹಿಡಿಯಲು ಅವನಿಗೊಂದು ಗುಡಿಸಲು ಬೇಕಿತ್ತು. ಅದಕ್ಕೆ ಈ ಗಾಡಿಯ ಅಡಿಪಾಯದ ಮೇಲೆ ಅವನ ಕಣ್ಣು.

"ಅಮ್ಮಾ, ಇದು ಸತ್ತಿದೆ. ಮೇಲಿರೋದನ್ನೆಲ್ಲ ಕಿತ್ತುಹಾಕಿ ಚಕ್ರ ನನಗೆ ಕೊಟ್ಬಿಡು."

"ಸತ್ತಿಲ್ಲ, ನೆಗಡಿಯಾಗಿದೆ ಅಷ್ಟೇ. ನಾನು ವಾಸಿ ಮಾಡ್ತೀನಿ ಆರ್ಡಿಸ್," ಎಂದೆ, ಒಂಟಿಗಾಲಿನಲ್ಲಿ ಸಾಧ್ಯವಾದಷ್ಟು ಗಾಂಭೀರ್ಯದಿಂದ.

ಅತ್ತೆ ತಟ್ಟೆಯನ್ನು ಗಾಡಿಯ ಮೂತಿಯ ಮೇಲಿಟ್ಟು ಯೋಚಿಸಿದರು. "ರಿಪೇರಿ ಮಾಡಿ. ಬೇಸಿಗೆಯ ಮೊದಲ ಭಾನುವಾರದೊಳಗೆ ಒಂದು ಒಳ್ಳೆ ಮಳೆ ಬಂದೇ ಬರುತ್ತೆ. ಆ ಭಾನುವಾರ ನಾನು ಬಂದು ನೋಡ್ತೀನಿ. ನೆಲ ಒಣಗಿದ್ರೆ ಕ್ಯಾಂಪರ್ ನಿಮ್ಮದು. ಇಲ್ಲಾಂದ್ರೆ ಕರ್ಟ್‌ನದು. ಈಗ ಕಾಲು ತಕ್ಕೊಂಡು ಬಾ, ಊಟ ಆರ್ತಿದೆ."

ಮರುದಿನದಿಂದ ನಾನು ಸ್ಕ್ರೂಡ್ರೈವರ್ ಹಿಡಿದು ವೈದ್ಯೆಯಾದೆ. ಚುಚ್ಚಿದಾಗ ಮರ ಟಕ್ ಎಂದರೆ ಆರೋಗ್ಯ. ಏನೂ ಅನ್ನದೆ ಮೊನೆ ಒಳಗೆ ಹೋದರೆ ರೋಗ. ಬಹುತೇಕ ಕಡೆ ಏನೂ ಅನ್ನಲಿಲ್ಲ. ಪ್ಲೈವುಡ್ಡು ನೆನೆದ ಪುಸ್ತಕದಂತೆ ಪದರ ಪದರವಾಗಿ ಬಿಚ್ಚಿಕೊಂಡಿತು. ಸಿಂಕಿನ ಕೆಳಗೆ, ಯಾರೂ ನೋಡದ ಕತ್ತಲಲ್ಲಿ, ಕಿವಿಯ ಆಕಾರದ ಅಣಬೆಗಳು ಸಾಲಾಗಿ ನಿಂತಿದ್ದವು. ಮೃದುವಾಗಿ, ಜೇನಿನ ಬಣ್ಣದಲ್ಲಿ, ಒಳಗಿನ ಮಾತುಗಳನ್ನೆಲ್ಲ ಕೇಳಿಸಿಕೊಂಡಂತೆ. ನಾನು ಸ್ಕ್ರೂಡ್ರೈವರ್ ಕೆಳಗಿಟ್ಟು ಸುಮ್ಮನೆ ನೋಡುತ್ತ ಕುಳಿತೆ.

"ಏನು ಮಾಡ್ತಿದೀಯ?" ವೆಸ್ ಇಣುಕಿದ.

"ಶ್... ಎಷ್ಟು ಚೆನ್ನಾಗಿವೆ ನೋಡು."

"ಅವು ನಮ್ಮ ನೆಲವನ್ನ ತಿಂತಾ ಇವೆ ಕಣೇ."

"ತಿನ್ನೋರು ಚೆನ್ನಾಗಿರಬಾರದಾ? ನಿನ್ನನ್ನ ಕಟ್ಕೊಂಡಿಲ್ವಾ ನಾನು?"

ಎಲ್ಲಕ್ಕಿಂತ ಬೆರಗಾದದ್ದು ನೀರು ಬಂದ ದಾರಿಯನ್ನು ಕಂಡಾಗ. ಚಾವಣಿಯ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು. ಅಲ್ಲಿಂದ ಇಳಿದು, ಪೆಟ್ಟಿಗೆಯ ಮರದ ಗೋಡೆಯೊಳಗೆ ಜಾರಿ, ಒಂದು ಮೊಳೆಯ ಬಳಿ ತಂಗಿ, ಅದನ್ನು ತುಕ್ಕು ಮಾಡಿ, ಮತ್ತೆ ಹೊರಟು, ನೆಲ ತಲುಪಿತ್ತು. ಯಾವ ಆತುರವೂ ಇಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಇಂಥ ಶತ್ರುವಿನ ಮುಂದೆ ಅರ್ಧಂಬರ್ಧ ಯುದ್ಧ ಮಾಡುವುದು ಅವಮಾನ ಎನಿಸಿತು.

ಹಾಗೆ ನನಗೆ ಆ ಮಹದಾಲೋಚನೆ ಹೊಳೆಯಿತು. ನಮ್ಮೂರಿನಲ್ಲಿ ಮನೆಗೊಂದು ದೋಣಿ. ದೋಣಿಯ ಮರ ದಿನವಿಡೀ ನೀರಿನಲ್ಲಿದ್ದರೂ ಕೊಳೆಯುವುದಿಲ್ಲ, ಏಕೆಂದರೆ ಅದಕ್ಕೆ ಎಪಾಕ್ಸಿ ಎಂಬ, ಒಣಗಿದರೆ ಗಾಜಿನಂತಾಗುವ ಅಂಟು ಬಳಿದಿರುತ್ತಾರೆ. ಹಾಗಾದರೆ ಕ್ಯಾಂಪರನ್ನೂ ದೋಣಿಯ ಹಾಗೆಯೇ ಕಟ್ಟಿದರೆ?

ಕಟ್ಟಿದೆ. ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೂ ಕತ್ತರಿಸಿ ತೆಗೆದೆ. ಹೊಸ ಪ್ಲೈವುಡ್ ಕೂರಿಸಿದೆ. ನೆಲಕ್ಕೆ, ಮೂಲೆಗಳಿಗೆ, ಗೋಡೆಯ ಮೇಲೆ ಒಂದು ಗೇಣಿನವರೆಗೆ ಎಪಾಕ್ಸಿ ಬಳಿದೆ. ಅಂಗಳದ ರಾಡಿ ಒಳಬರದಿರಲೆಂದು ಹೊಸ್ತಿಲನ್ನೂ ಎತ್ತರಿಸಿದೆ. ಚಾವಣಿಯ ಬಿರುಕಿಗೆ ಸೀಲಂಟ್ ಮೆತ್ತಿದೆ. ಕೊನೆಗೆ ನೆಲ ಬೆಳಗಿನ ಕೆರೆಯಂತೆ ಹೊಳೆಯಿತು. ವೆಸ್ ಕಪಾಟು ಕೂರಿಸಲು ಒಂದೇ ಒಂದು ಮೊಳೆ ಹೊಡೆಯುತ್ತೇನೆ ಎಂದು ಅಂಗಲಾಚಿದ.

"ಈ ನೆಲದಲ್ಲಿ ತೂತು ಮಾಡೋರು ಮೊದಲು ನನ್ನಲ್ಲಿ ತೂತು ಮಾಡಬೇಕು," ಎಂದೆ.

ಅವನು ಸುತ್ತಿಗೆ ಒಳಗಿಟ್ಟ.

ಅತ್ತೆ ಬರುವ ಹಿಂದಿನ ದಿನ, ಶನಿವಾರ, ಗಾಡಿಯನ್ನು ಗ್ಯಾರೇಜಿನ ಪಕ್ಕಕ್ಕೆ ತಳ್ಳಿ, ಚಾವಣಿ ಎತ್ತಿ ನಿಲ್ಲಿಸಿದೆವು. ಎಪಾಕ್ಸಿಯ ವಾಸನೆ ಹೋಗಲೆಂದು ಚಾವಣಿಯ ಗಾಳಿಕಿಂಡಿಯನ್ನು ನಾನೇ ತೆರೆದೆ. ಆ ಸಂಜೆ ಮಳೆ ಬಂತು. ಅದೆಂಥ ಮಳೆ! ಕಿಟಕಿಯಲ್ಲಿ ನಿಂತು ನಾನು ಸಂತೋಷದಿಂದ ಕೈ ತಟ್ಟಿದೆ. ಸುರಿ, ಇನ್ನೂ ಸುರಿ, ಎಂದೆ. ಗ್ಯಾರೇಜಿನ ಸೂರಿನ ನೀರೆಲ್ಲ ಧಾರೆಯಾಗಿ ಎಲ್ಲಿ ಬೀಳುತ್ತಿದೆ ಎಂದು ಮಾತ್ರ ನೋಡಲಿಲ್ಲ.

ಭಾನುವಾರ ಬೆಳಗ್ಗೆ ಅತ್ತೆ, ಕರ್ಟ್, ವೆಸ್ ಮೂವರೂ ಸಾಲಾಗಿ ನಿಂತರು. ನಾನು ಬಾಗಿಲು ತೆರೆದೆ.

ಒಳಗೆ ಹೊಸ್ತಿಲಿನ ಮಟ್ಟಕ್ಕೆ ನೀರು. ನಿಶ್ಚಲ, ತಿಳಿ. ಅದರಲ್ಲಿ ಕ್ಯಾನ್ವಾಸಿನ ಕಿಟಕಿ, ಕಿಟಕಿಯಾಚೆಯ ಮೋಡ, ಒಂದು ಮೇಪಲ್ ಮರದ ಎಲೆ. ನಿಜ ಹೇಳಬೇಕೆಂದರೆ ಅದು ಬಹಳ ಸುಂದರವಾಗಿತ್ತು.

"ನೆಲ ಒದ್ದೆ," ಎಂದ ಕರ್ಟ್, ಚಕ್ರ ಸವರುತ್ತ.

"ಮೇಲಿಂದ ಬಂದಿದ್ದು! ಕಿಂಡಿ ತೆರೆದಿತ್ತು! ಸೋರಿದ್ದಲ್ಲ!" ನಾನು ಗ್ಯಾರೇಜಿನ ಸೂರಿನಿಂದ ಗಾಳಿಕಿಂಡಿಯವರೆಗೆ ಬೆರಳು ತೋರಿಸಿದೆ.

"ಒದ್ದೆ ಅಂದ್ರೆ ಒದ್ದೆ ಅತ್ತಿಗೆ."

ಅತ್ತೆ ಇಬ್ಬರಿಗೂ ಉತ್ತರ ಕೊಡದೆ ಹುಲ್ಲಿನ ಮೇಲೆ ಮಂಡಿಯೂರಿದರು. ಗಾಡಿಯ ಹೊಟ್ಟೆಯ ಕೆಳಗೆ ಕೈ ಹಾಕಿ ಈ ಕೊನೆಯಿಂದ ಆ ಕೊನೆಯವರೆಗೂ ತಡವಿದರು. ಕೈ ಹೊರತೆಗೆದು ಅಂಗೈ ನೋಡಿಕೊಂಡರು. ಒಣಗಿತ್ತು.

"ಪರವಾಗಿಲ್ಲ," ಎಂದರು.

ವೆಸ್ ಗಾಡಿಗೆ ಒರಗಿಕೊಂಡ. ನಮ್ಮ ಮದುವೆಯ ಊಟಕ್ಕೂ ಆರ್ಡಿಸ್ "ಪರವಾಗಿಲ್ಲ" ಎಂದವರಲ್ಲ. "ಇಷ್ಟು ನೀರು ಹೊತ್ತು ಒಂದು ಹನಿ ಬಿಟ್ಟಿಲ್ಲ ಇದು. ಕರ್ಟ್, ನೀನು ಬೇರೆ ಚಕ್ರ ಹುಡುಕ್ಕೋ. ಕ್ಯಾಂಪರ್ ಇವಳದು," ಎಂದರು ಅತ್ತೆ.

ನಾನು ಅಳುವುದೋ ನಗುವುದೋ ತೀರ್ಮಾನಿಸುವ ಮೊದಲೇ ಅವರು ಮುಂದುವರಿಸಿದರು. "ಅದು ಸರಿ, ಈ ನೀರು ಹೋಗೋದೆಲ್ಲಿಂದ?"

"ಬಕೆಟ್ಟಲ್ಲಿ ತೋಡ್ತೀನಿ."

"ಮೂಲೇಲಿ ಉಳಿಯೋದನ್ನ? ಮತ್ತೆ ಮುಂದಿನ ಸಲ?"

ಕರ್ಟ್ ಚಕ್ರದ ದುಃಖವನ್ನು ಮರೆತು ಹಲ್ಲು ಕಿರಿದ. "ದೋಣಿಗೆ ತಳದಲ್ಲಿ ನೀರು ಬಿಡೋಕೊಂದು ತೂತು, ಅದಕ್ಕೊಂದು ಬಿರಡೆ ಇರುತ್ತೆ ಅತ್ತಿಗೆ. ಬಿರಡೆ ಇಲ್ಲದ ದೋಣಿ ಕಟ್ಟಿದೋರು ಈ ಕೆರೆ ಸೀಮೇಲಿ ನೀವೊಬ್ರೇ. ಇರಿ, ಟ್ರಕ್ಕಲ್ಲಿ ಡ್ರಿಲ್ ಇದೆ."

"ಯಾರೂ ಮುಟ್ಟಬೇಡಿ!"

ವೆಸ್ ಆಕಾಶ ನೋಡಿದ. ಅತ್ತೆ ನನ್ನನ್ನು ನೋಡಿದರು. ನಾನು ನೆಲವನ್ನು ನೋಡಿದೆ. ನೀರಿನೊಳಗೆ ಅದು ಇನ್ನೂ ಹೊಳೆಯುತ್ತಿತ್ತು, ಗೀರೊಂದೂ ಇಲ್ಲದೆ.

ಕರ್ಟ್‌ನ ಕೈಯಿಂದ, ಅವನು ಆಗಲೇ ತಂದಿದ್ದ ಡ್ರಿಲ್ಲನ್ನು ಕಿತ್ತುಕೊಂಡೆ. "ಕೊರೆಯೋದಾದ್ರೆ ನಾನೇ ಕೊರೀತೀನಿ. ಒಂದೇ ಒಂದು, ಚಿಕ್ಕದು. ಆದ್ರೆ ಇವತ್ತೇ ಹೇಳ್ಬಿಟ್ಟಿದೀನಿ, ಇದಾದ ಮೇಲೆ ಈ ನೆಲಕ್ಕೆ ಯಾರಾದ್ರೂ..." ಎನ್ನುತ್ತಲೇ ನಾನು ಪ್ಯಾಂಟು ಮಡಚಿ, ಹೊಸ್ತಿಲು ದಾಟಿ, ಆ ತಣ್ಣನೆಯ ನೀರಿನೊಳಗೆ ಬಲಗಾಲಿಟ್ಟೆ.