ಓಸ್ಪಾನ್ ಒಬ್ಬನೇ ಹೋದದ್ದು

ಸೈಕಲ್ಲು ಓಸ್ಪಾನನ ಅಳಿಯನದು. ಅಳಿಯ ಕಾರು ಕೊಂಡ ಮೇಲೆ ಅದು ಮಾವನ ಕೊಟ್ಟಿಗೆಗೆ ಬಂದು, ಕುರಿಗಳ ನಡುವೆ ಬಡಕಲು ನೆಂಟನ ಹಾಗೆ ಗೋಡೆಗೆ ಒರಗಿ ನಿಂತಿತ್ತು. ಓಸ್ಪಾನ್ ಅದಕ್ಕೆ ಎಣ್ಣೆ ಹಾಕುತ್ತಿರುವಾಗ ಪಕ್ಕದ ಮನೆಯ ತುರಾರ್ ಮಣ್ಣುಗೋಡೆ ಹತ್ತಿ ಇಳಿದದ್ದೇ ತಪ್ಪಾಯಿತು.

ತುರಾರ್ ದಿನಾ ಬೆಳಿಗ್ಗೆ ಹೀಗೆಯೇ ಇಳಿಯುವವನು. ಚಹಾದ ನೀರು ಕಾಯಿಸುವ ಸಮೋವರು ಆರುವವರೆಗೂ ಚಹಾ ಕುಡಿದು, ಓಸ್ಪಾನ್ ಹೇಗೆ ಕೂರಬೇಕು, ಹೇಗೆ ಕೆಮ್ಮಬೇಕು ಎಂಬುದನ್ನೆಲ್ಲ ಹೇಳಿಕೊಟ್ಟು ಹೋಗುತ್ತಿದ್ದ. ಓಸ್ಪಾನನೋ ಆಯುಷ್ಯವೆಲ್ಲ ಬಸ್ಸು ಓಡಿಸಿದವನು. ಬಸ್ಸು ತುಂಬ ಜನರ ಮಾತನ್ನು ಬೆನ್ನ ಮೇಲೆ ಹೊತ್ತು ಸಾಕಾಗಿತ್ತು. ಒಂದೇ ಒಂದು ದಿನ ಯಾರ ಮಾತೂ ಇಲ್ಲದೆ ಕಣಿವೆ ದಾಟಿ ನಾದಿನಿಯ ಊರು ಸಾರಿಬುಲಾಕಿನವರೆಗೆ ಹೋಗಿ ಬರಬೇಕೆಂದು ಅವನಿಗೆ ಆಸೆ.

"ಹೋಗೋದು ಸೈಕಲ್ ಮೇಲೆ, ಬರೋದು ಲಾರಿ ಮೇಲೆ," ಎಂದ ತುರಾರ್.

ಮಾತಿಗೆ ಮಾತು ಬೆಳೆದು ಪಂಥವಾಯಿತು. ಓಸ್ಪಾನ್ ಪೆಡಲು ತುಳಿದೇ ಹೋಗಿ ತುಳಿದೇ ಬಂದರೆ, ಚಳಿಗಾಲ ಕಳೆಯುವವರೆಗೂ ತುರಾರ್ ಗೋಡೆ ದಾಟಬಾರದು. ಸೋತರೆ ಸೈಕಲ್ಲು ತುರಾರನಿಗೆ. ನೋಡದೆ ನಂಬುವ ಆಸಾಮಿ ತಾನಲ್ಲ ಎಂದು ತುರಾರ್ ಊರಬಾಗಿಲ ಪಾಪ್ಲರ್ ಮರದ ಕೆಳಗೆ ಮುಕ್ಕಾಲಿ ಹಾಕಿಕೊಂಡು ಕೂತ. ಓಸ್ಪಾನ್ ಫೋನನ್ನು ಮನೆಯಲ್ಲೇ ಬಿಟ್ಟು ಹೊರಟ. ತೆಗೆದುಕೊಂಡು ಹೋದರೆ ತುರಾರ್ ಅದರೊಳಗಿಂದಲೂ ಗೋಡೆ ದಾಟುವವನೇ.

ಕಣಿವೆಯ ಅಂಚಿನಲ್ಲಿ ಕುದುರೆ ಕಾಯುವ ಜುಮಾಶ್ ಅಡ್ಡ ಹಾಕಿದ. ರೊಟ್ಟಿ ಮುರಿಯದೆ ಯಾರನ್ನೂ ಮುಂದೆ ಬಿಡುವ ಪದ್ಧತಿ ನಮ್ಮ ಕಡೆ ಇಲ್ಲ. ಓಸ್ಪಾನ್ ಇಳಿದು ಒಂದು ಚೂರು ಬಾಯಿಗೆ ಹಾಕಿಕೊಂಡ.

"ಕಾರು ಕೆಟ್ಟೋಯ್ತಾ?"

"ಇಲ್ಲ."

"ಹೆಂಡ್ತಿ ಹೊರಗೆ ಹಾಕಿದ್ಲಾ?"

"ಕುಲ್ಯಾಶ್ ಚೆನ್ನಾಗಿದಾಳೆ ಮಾರಾಯ. ಸುಮ್ನೆ ಹೊರಟೆ, ಒಬ್ನೇ. ಅವಳ ತಂಗಿ ಊರಿನ ತನಕ."

ಜುಮಾಶ್ ಮೆಲ್ಲಗೆ ಟೋಪಿ ತೆಗೆದ. ನಮ್ಮಲ್ಲಿ ಸಾವಿನ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಹೇಳುವವನು ಒಬ್ಬನೇ ಬರುತ್ತಾನೆ, ಅವಸರ ಮಾಡುವುದಿಲ್ಲ, ಕೇಳಿದರೆ ಎಲ್ಲರೂ ಚೆನ್ನಾಗಿದ್ದಾರೆ ಎನ್ನುತ್ತಾನೆ. ಸುಮ್ಮನೆ ಒಬ್ಬನೇ ಹೊರಡುವ ಮನುಷ್ಯನನ್ನು ಜುಮಾಶ್ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಓಸ್ಪಾನ್ ಇಳಿಜಾರಿನಲ್ಲಿ ಮರೆಯಾಗುತ್ತಲೇ ಅವನು ಕುದುರೆ ಏರಿ, ಫೋನಿಗೆ ಸಿಗ್ನಲ್ ಸಿಗುವ ದಿಬ್ಬಕ್ಕೆ ದೌಡಾಯಿಸಿದ.

ಇದಾವುದೂ ಓಸ್ಪಾನನಿಗೆ ಗೊತ್ತಿಲ್ಲ. ಕಣಿವೆಯ ಕೆಂಪು ಗೋಡೆಗಳ ನಡುವೆ ಅವನೂ ಅವನ ನೆರಳೂ ಮಾತ್ರ. ಮುಳ್ಳು ಚುಚ್ಚಿ ಟೈರು ಉಸಿರು ಬಿಟ್ಟಿತು. ಹೀಗೆ ಮಾಡು, ಹಾಗೆ ಮಾಡು ಎನ್ನುವವರಿಲ್ಲದ್ದರಿಂದ ತೇಪೆ ಮೊದಲ ಸಲಕ್ಕೇ ಕೂತಿತು. ಹೊಳೆದಂಡೆಯಲ್ಲಿ ಬೇಯಿಸಿದ ಮೊಟ್ಟೆ ಸುಲಿದು ತಿಂದು, ನೀರಿನಲ್ಲಿ ಕಾಲು ಬಿಟ್ಟುಕೊಂಡು ಕೂತ. ನೀರು ಒಂದೇ ಸಮನೆ ಮಾತಾಡುತ್ತಿತ್ತು, ಆದರೆ ಉತ್ತರ ಕೇಳುತ್ತಿರಲಿಲ್ಲ. ಇಷ್ಟು ಸುಖ ತನ್ನ ಪಾಲಿಗೆ ಇದ್ದೀತೆಂದು ಅವನು ಎಣಿಸಿರಲಿಲ್ಲ.

ಸಾರಿಬುಲಾಕಿನಲ್ಲಿ ನಾದಿನಿ ರಿಸ್ತಿಯ ಕೈಗೆ ಸಿಕ್ಕಿದರೆ ಕುರಿ ಕಡಿಯದೆ ಬಿಡುವುದಿಲ್ಲ ಎಂದು ಅವನಿಗೆ ಅಂಜಿಕೆಯಿತ್ತು. ಹೋಗಿ ನೋಡಿದರೆ ಮನೆಗೆ ಬೀಗ. ಅಂಗಳದ ಒಲೆಯ ಮೇಲೆ ಕೆಟಲಿ ಇನ್ನೂ ಬೆಚ್ಚಗಿದೆ, ಪಕ್ಕದಲ್ಲಿ ನಾಯಿ ಮಾತ್ರ. ಓಸ್ಪಾನ್ ಅದೃಷ್ಟಕ್ಕೆ ಕೈಮುಗಿದು, ಬಾವಿಯ ನೀರು ಕುಡಿದು, ನಾಯಿಗೆ ಒಣಮೊಸರಿನ ಉಂಡೆ ಎಸೆದು ತಿರುಗಿದ.

ಏರು ಅವನ ಮೊಣಕಾಲನ್ನು ಹಿಂಡಿತು. ದಾರಿಯಲ್ಲಿ ಒಬ್ಬ ಲಾರಿಯವನು ನಿಲ್ಲಿಸಿ ಹತ್ತಿಸಿಕೊಳ್ಳುವುದಕ್ಕೆ ಬಂದ. ಓಸ್ಪಾನ್ ಮುಖ ತಿರುಗಿಸಿಕೊಂಡು ತುಳಿದ. ಹೊತ್ತು ಮುಳುಗುವ ಮೊದಲೇ, ಎದೆಯುಬ್ಬಿಸಿ ಗಂಟೆ ಬಾರಿಸುತ್ತ ಊರಬಾಗಿಲಿಗೆ ಬಂದ.

ಪಾಪ್ಲರ್ ಮರದ ಕೆಳಗೆ ಮುಕ್ಕಾಲಿ ಇತ್ತು. ತುರಾರ್ ಇರಲಿಲ್ಲ. ಬೀದಿಯಲ್ಲಿ ನರಪಿಳ್ಳೆಯೂ ಇಲ್ಲ.

ತನ್ನ ಮನೆಯ ಮುಂದೆ ಸಾಲು ಸಾಲು ಕಾರು ಕಂಡು, ಒಳಗಿನ ಅಳು ಕೇಳಿ ಓಸ್ಪಾನ್ ಸೈಕಲ್ಲು ಬಿಸುಟು, "ಅಯ್ಯೋ ನನ್ನ ಕುಲ್ಯಾಶೇ" ಎಂದು ಬಿಕ್ಕುತ್ತ ಒಳನುಗ್ಗಿದ. ಬಾಗಿಲಲ್ಲಿ ನಿಂತವನು ಅವನನ್ನು ಬಾಚಿ ತಬ್ಬಿಕೊಂಡ. ನಮ್ಮಲ್ಲಿ ಮೊದಲು ತಬ್ಬಿ ಅಳುವುದು, ಮುಖ ನೋಡುವುದು ಆಮೇಲೆ.

"ಹೋಗ್ಬಿಟ್ಟನಲ್ಲಪ್ಪಾ ನಮ್ಮ ಓಸ್ಪಾನ್," ಎಂದು ತಬ್ಬಿದವನು ಅವನ ಹೆಗಲ ಮೇಲೆ ಗೋಳಾಡಿದ. "ಅಂಥ ಸವಾರ ಈ ಊರಲ್ಲಿ ಇನ್ನು ಹುಟ್ಟೋದಿಲ್ಲ."

ದನಿ ತುರಾರನದು.

ಆದದ್ದಿಷ್ಟು. ಜುಮಾಶನ ಫೋನು ಬಂದೊಡನೆ ರಿಸ್ತಿ, ಅಕ್ಕ ಸತ್ತಳೆಂದು ಬಂಧುಬಳಗವನ್ನು ಕಾರುಗಳಲ್ಲಿ ತುಂಬಿಕೊಂಡು, ಕಣಿವೆ ಬಳಸಿ ಬರುವ ಮೇಲಿನ ರಸ್ತೆ ಹಿಡಿದಿದ್ದಳು. ಸತ್ತವಳಿಗೆ ಫೋನು ಮಾಡಿ ಸತ್ತೆಯಾ ಎಂದು ಕೇಳುವುದುಂಟೇ? ಗಂಡ ಹೋದ ದಿಕ್ಕಿನಿಂದಲೇ ತಂಗಿ ಅಳುತ್ತ ಬಂದದ್ದು ಕಂಡು ಕುಲ್ಯಾಶ್, ಗಂಡ ಕಣಿವೆಗೆ ಬಿದ್ದನೆಂದು ತಾನೂ ಅತ್ತಳು. ಅಕ್ಕ ವಿಧವೆಯ ಹಾಗೆ ಅಳುವುದು ಕೇಳಿ, ಹಾಗಾದರೆ ಹೋದದ್ದು ಭಾವನೇ ಎಂದು ರಿಸ್ತಿಯ ಅಳು ಹೆಚ್ಚಿತು. ವಿಷಯ ಎದುರಿನವಳಿಗೆ ಗೊತ್ತೆಂದು ಇಬ್ಬರೂ ನಂಬಿದ್ದರು.

ಕುಲ್ಯಾಶ್ ಬಂದು ಗಂಡನ ಎರಡು ಕೆನ್ನೆಯನ್ನೂ ಹಿಡಿದು ನೋಡಿ, ಬದುಕಿದ್ದಾನೆಂದು ಖಾತ್ರಿಯಾದ ಮೇಲೆ ಬೆನ್ನಿಗೊಂದು ಗುದ್ದಿದಳು. ಎಲ್ಲರೂ ನಕ್ಕು, ಸಾವಿನ ಊಟಕ್ಕೆಂದು ಬೆಂದಿದ್ದ ಕುರಿಯನ್ನು ಉಣ್ಣಲು ಕೂತರು.

ಊಟದ ನಡುವೆ ಓಸ್ಪಾನ್ ಪಂಥ ನೆನಪಿಸಿದ. ತುರಾರ್ ಕಣ್ಣೊರೆಸಿಕೊಂಡು ಗಂಟಲು ಸರಿಮಾಡಿಕೊಂಡ.

"ನೀನು ಬಂದಿದ್ದನ್ನ ನೋಡಿದೋರು ಯಾರು? ಯಾವ ಲಾರೀಲಿ ಬಂದ್ಯೋ."

"ನೀನು ಮುಕ್ಕಾಲಿ ಬಿಟ್ಟು ಬಂದಿದ್ದು ನನ್ನ ತಪ್ಪಾ?"

"ನಿನ್ನ ಸಾವಿಗೆ ತಾನೇ ಬಂದಿದ್ದು. ಅದಿರ್ಲಿ, ಸೈಕಲ್ ನಂಗೆ ಬೇಡ, ನೀನೇ ಇಟ್ಕೋ." ತುರಾರ್ ಅವನ ಕೈ ಹಿಡಿದುಕೊಂಡ. "ನೀನು ಹೋದೆ ಅಂದಾಗ ನಂಗೆ ಬುದ್ಧಿ ಬಂತು ಕಣೋ. ನಿನ್ನನ್ನ ಹೀಗೆ ಒಂಟಿ ಬಿಡಬಾರದಾಗಿತ್ತು."

ಕುಲ್ಯಾಶ್ ತಲೆಯಾಡಿಸಿದಳು. ಬಂಧುಗಳೆಲ್ಲ ಹೌದು ಹೌದು ಎಂದರು.

ಮರುದಿನ ಬೆಳಿಗ್ಗೆ ಓಸ್ಪಾನ್ ಬಾತ ಕಾಲನ್ನು ಬಿಸಿಲಿಗೆ ಚಾಚಿ, ಹೊಳೆಯ ನೀರನ್ನು ನೆನೆಯುತ್ತ ಕೂತಿದ್ದ. ಮುಖದಲ್ಲಿ ಸಣ್ಣ ನಗು. ಸಮೋವರು ಆಗಷ್ಟೇ ಸದ್ದು ಮಾಡತೊಡಗಿತ್ತು. ಗೋಡೆಯ ಮೇಲಿಂದ ಮೊದಲು ಮುಕ್ಕಾಲಿ ಇಳಿಯಿತು. ಆಮೇಲೆ ಹಾಸಿಗೆಯ ಸುರುಳಿ. ಕೊನೆಗೆ ತುರಾರ್.